ಹೆಣಿಗೆಗೆ ಮೊದಲು ಉಣ್ಣೆಯ ಸ್ವಾಚನ್ನು ತೊಳೆಯುವ ಕ್ರಮ

ಹೊಸ ಸ್ವೆಟರ್ ಹೆಣೆಯಲು ಕೂರುವ ಮುನ್ನ ಅದೇ ನೂಲಿನಲ್ಲಿ, ಅದೇ ಕಡ್ಡಿಯಲ್ಲಿ ಒಂದು ಸಣ್ಣ ಚೌಕವನ್ನು ಹೆಣೆದು, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿಕೊಳ್ಳಬೇಕೆಂಬುದು ಹೆಣಿಗೆ ಕಲಿತವರಿಗೆಲ್ಲ ಗೊತ್ತಿರುವ ಪಾಠ. ಈ ಮಾದರಿ ಚೌಕವನ್ನು ಸ್ವಾಚ್ ಎಂದೂ, ಎಣಿಸಿ ಬಂದ ಸಂಖ್ಯೆಯನ್ನು ಗೇಜ್ ಎಂದೂ ಕರೆಯುತ್ತಾರೆ. ಬಹಳಷ್ಟು ಮಂದಿ ಕಡ್ಡಿಯಿಂದ ಇಳಿಸಿದ ಚೌಕವನ್ನು ಹಾಗೆಯೇ ಅಳೆದು, ಆ ಲೆಕ್ಕದಲ್ಲೇ ಸ್ವೆಟರಿನ ಕುಣಿಕೆಗಳನ್ನು ಹಾಕಿಬಿಡುತ್ತಾರೆ. ಉಣ್ಣೆಯ ಮಟ್ಟಿಗೆ ಅದು ಅರ್ಧ ಕೆಲಸವಷ್ಟೇ. ಸಿದ್ಧವಾದ ಉಡುಪನ್ನು ಮುಂದೆ ಹೇಗೆ ಒಗೆಯುತ್ತೇವೆಯೋ ಹಾಗೆಯೇ ಸ್ವಾಚನ್ನೂ ಒಗೆದು, ಪೂರ್ತಿ ಒಣಗಿಸಿ, ಆಮೇಲೆ ಅಳೆದಾಗ ಸಿಗುವ ಸಂಖ್ಯೆಯ ಮೇಲೆಯೇ ಲೆಕ್ಕ ಕಟ್ಟಬೇಕು.

ನಾನೂ ಹಲವು ವರ್ಷ ತೊಳೆಯದ ಸ್ವಾಚನ್ನೇ ನಂಬಿದ್ದೆ. ಒಮ್ಮೆ ಸೂಪರ್‌ವಾಶ್ ಮೆರಿನೊ ನೂಲಿನಲ್ಲಿ (ಮೆಷಿನ್ನಿನಲ್ಲಿ ಒಗೆಯುವಂತೆ ಸಂಸ್ಕರಿಸಿದ, ಮೆರಿನೊ ಕುರಿಯ ಉಣ್ಣೆಯಲ್ಲಿ) ಕಾರ್ಡಿಗನ್ ಒಂದನ್ನು ಹೆಣೆದು ಮುಗಿಸಿದಾಗ ಅದು ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಮೊದಲ ಸಲ ನೀರಿಗೆ ಹಾಕಿ ಮೇಲೆತ್ತಿದಾಗ ತೋಳುಗಳು ಒದ್ದೆ ಹಗ್ಗದಂತೆ ಜೋತುಬಿದ್ದವು. ಒಣಗಿದ ಮೇಲೆ ಸರಿಹೋದೀತು ಎಂದುಕೊಂಡೆ, ಸರಿಹೋಗಲಿಲ್ಲ. ಅಳೆದು ನೋಡಿದರೆ 10 ಸೆಂಟಿಮೀಟರಿಗೆ 22 ಇದ್ದ ಕುಣಿಕೆಗಳು 20ಕ್ಕೆ ಇಳಿದಿದ್ದವು. ಎರಡೇ ಕುಣಿಕೆಯ ವ್ಯತ್ಯಾಸ ಎಂದು ತೋರಬಹುದು, ಆದರೆ 100 ಸೆಂಟಿಮೀಟರ್ ಸುತ್ತಳತೆಗೆಂದು 220 ಕುಣಿಕೆ ಹಾಕಿದ್ದ ಉಡುಪು ಅದರಿಂದ 110 ಸೆಂಟಿಮೀಟರ್ ಆಗಿತ್ತು. ಎರಡು ತಿಂಗಳ ಕೆಲಸವನ್ನು ಬಿಚ್ಚುವಾಗ, ಒಂದು ಬೋಗುಣಿ ನೀರು ಮತ್ತು ಒಂದೆರಡು ದಿನದ ತಾಳ್ಮೆಯನ್ನು ಉಳಿಸಲು ಹೋಗಿ ಎಷ್ಟು ಕಳೆದುಕೊಂಡೆ ಎಂಬುದು ಸರಿಯಾಗಿ ಅರ್ಥವಾಯಿತು.

ಉಣ್ಣೆ ಹೀಗೇಕೆ ಮಾಡುತ್ತದೆ ಎಂಬುದು ತಿಳಿದರೆ ತೊಳೆಯುವ ಕ್ರಮದ ಪ್ರತಿ ಹೆಜ್ಜೆಯೂ ತಾನಾಗಿಯೇ ಅರ್ಥವಾಗುತ್ತದೆ. ನಮ್ಮ ತಲೆಗೂದಲಿನಂತೆ ಉಣ್ಣೆಯ ಎಳೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒದ್ದೆ ಕೂದಲಿಗೆ ಜಡೆ ಹಾಕಿ ಒಣಗಲು ಬಿಟ್ಟು ಆಮೇಲೆ ಬಿಚ್ಚಿದರೆ ಕೂದಲು ಅಲೆ ಅಲೆಯಾಗಿ ನಿಲ್ಲುತ್ತದಲ್ಲವೇ? ನೀರು ಒಳಹೊಕ್ಕಾಗ ಕೆರಾಟಿನ್ನಿನ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಂಡು, ಒಣಗುವಾಗ ಎಳೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಗಿರಣಿಯಲ್ಲಿ ನೂಲುವಾಗ, ಲಡಿಯಾಗಿ ಸುತ್ತುವಾಗ, ಕಡೆಗೆ ನಮ್ಮ ಬೆರಳಿನ ಬಿಗಿಯಲ್ಲಿ ಕುಣಿಕೆಯಾಗುವಾಗ ಎಳೆಗಳು ಎಳೆಯಲ್ಪಟ್ಟ ಸ್ಥಿತಿಯಲ್ಲೇ ಇರುತ್ತವೆ. ನೀರಿಗೆ ಬಿದ್ದೊಡನೆ ಆ ಬಿಗಿ ಕಳಚಿ, ಎಳೆ ಉಬ್ಬಿ, ತನ್ನ ಸಹಜವಾದ ಗುಂಗುರಿಗೆ ಮರಳುತ್ತದೆ. ಕುಣಿಕೆಗಳು ಅಕ್ಕಪಕ್ಕದ ಕುಣಿಕೆಗಳೊಡನೆ ಹೊಂದಿಕೊಂಡು ಸಮವಾಗುತ್ತವೆ. ಕೋನಿನಲ್ಲಿ ಸುತ್ತಿ ಮಾರುವ ನೂಲಿನಲ್ಲಿ ನೂಲುವಾಗ ಬಳಸಿದ ಎಣ್ಣೆಯೂ ಉಳಿದಿರುತ್ತದೆ. ಅಂಥ ನೂಲು ಹೆಣೆಯುವಾಗ ದಾರದಂತೆ ತೆಳ್ಳಗೆ, ಸ್ವಲ್ಪ ಅಂಟಂಟಾಗಿ ಇದ್ದು, ಎಣ್ಣೆ ಹೋದ ಮೇಲೆ ಅರಳಿ ಕುಣಿಕೆಗಳ ನಡುವಿನ ಕಂಡಿಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಅದನ್ನು ತೊಳೆಯುವ ಮುನ್ನ ನೋಡಿ, ಹೆಣಿಗೆ ಜಾಳಾಯಿತೆಂದು ಸಣ್ಣ ಕಡ್ಡಿಗೆ ಬದಲಾಯಿಸಿದವರಿಗೆ ಕೊನೆಗೆ ದಕ್ಕುವುದು ರಟ್ಟಿನಂಥ ಸ್ವೆಟರ್.

ಸೂಪರ್‌ವಾಶ್ ಉಣ್ಣೆಯ ಸ್ವಭಾವವೇ ಬೇರೆ. ಸಾಮಾನ್ಯ ಉಣ್ಣೆಯ ಎಳೆಯ ಮೇಲೆ ಮಾಡಿಗೆ ಹೊದಿಸಿದ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡ ಸೂಕ್ಷ್ಮವಾದ ಪೊರೆಗಳಿರುತ್ತವೆ. ಒದ್ದೆಯಾಗಿರುವಾಗ ಉಜ್ಜಿದರೆ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಎಳೆಗಳು ಒಂದೇ ದಿಕ್ಕಿಗೆ ತೆವಳಿ, ಬಟ್ಟೆ ಕುಗ್ಗಿ ಜಡೆಗಟ್ಟುತ್ತದೆ. ಇದನ್ನೇ ಫೆಲ್ಟ್ ಆಗುವುದು ಎನ್ನುವುದು. ಒಮ್ಮೆ ಹಾಗಾದರೆ ಹಿಂದಿನ ಸ್ಥಿತಿಗೆ ತರಲಾಗದು. ಮೆಷಿನ್‌ನಲ್ಲಿ ಒಗೆಯುವಂತಾಗಲೆಂದು ಸೂಪರ್‌ವಾಶ್ ನೂಲಿನಲ್ಲಿ ಈ ಪೊರೆಗಳನ್ನು ಸಾಮಾನ್ಯವಾಗಿ ಕ್ಲೋರಿನ್ನಿನಿಂದ ಸವೆಸಿ, ಮೇಲೆ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಆದ್ದರಿಂದ ಅದು ಜಡೆಗಟ್ಟುವುದಿಲ್ಲ, ಆದರೆ ಎಳೆಗಳನ್ನು ಪರಸ್ಪರ ಹಿಡಿದಿಡುವ ಹಲ್ಲೇ ಇಲ್ಲದಿರುವುದರಿಂದ ಒದ್ದೆಯಾದಾಗ ಜಾರಿ ಬೆಳೆಯುತ್ತದೆ. ಒಂದೇ ಗೇಜಿನ ಎರಡು ಉಣ್ಣೆಗಳು, ಒಂದೇ ಬೋಗುಣಿಯಲ್ಲಿ ನೆನೆದು, ಎರಡು ಬಗೆಯಾಗಿ ಹೊರಬರುವುದು ಇದರಿಂದಲೇ.

ತೊಳೆಯಲು ತಕ್ಕ ಸ್ವಾಚ್ ಮೊದಲು ಬೇಕು. ಅಂಗೈಯಷ್ಟು ತುಂಡಿನಿಂದ ಏನೂ ತಿಳಿಯದು. ಅಂಚಿನ ಕುಣಿಕೆಗಳು ಯಾವಾಗಲೂ ಸ್ವಲ್ಪ ವಕ್ರವಾಗಿರುವುದರಿಂದ ನಡುವಿನ 10 ಸೆಂಟಿಮೀಟರನ್ನಷ್ಟೇ ಅಳೆಯಬೇಕು, ಆದ್ದರಿಂದ ಒಟ್ಟು ತುಂಡು 15 ಸೆಂಟಿಮೀಟರಿಗೆ ಕಡಿಮೆಯಿರಬಾರದು. ನಾಲ್ಕೂ ಕಡೆ ನಾಲ್ಕೈದು ಕುಣಿಕೆಗಳಷ್ಟು ಗಾರ್ಟರ್ ಅಂಚು, ಅಂದರೆ ಎಲ್ಲ ಸಾಲನ್ನೂ ಸೀದಾ ಹೆಣೆದ ಅಂಚು, ಕೊಟ್ಟರೆ ತುಂಡು ಸುರುಳಿ ಸುತ್ತಿಕೊಳ್ಳುವುದಿಲ್ಲ. ಉಡುಪನ್ನು ಕೊಳವೆಯಂತೆ ಸುತ್ತಲೂ ನಿಲ್ಲದೆ ಹೆಣೆಯುವುದಾದರೆ ಸ್ವಾಚನ್ನೂ ಹಾಗೆಯೇ, ಪ್ರತಿ ಸಾಲನ್ನೂ ಹೆಣಿಗೆಯ ಮುಂಬದಿಯಿಂದಲೇ ಹೆಣೆಯಬೇಕು, ಏಕೆಂದರೆ ಬಹಳ ಮಂದಿಯ ಕೈಯಲ್ಲಿ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲವಾಗಿ ಬರುತ್ತದೆ. ಕಡೆಯ ಸಾಲನ್ನು ಬಿಗಿಯಾಗಿ ಮುಚ್ಚಿದರೆ ನೆನೆದ ತುಂಡು ಆ ಕಡೆ ಮುದುಡಿಕೊಳ್ಳುತ್ತದೆ, ಸಡಿಲವಾಗಿ ಮುಚ್ಚಬೇಕು.

ಯಾವ ಕಡ್ಡಿಯಲ್ಲಿ ಹೆಣೆದದ್ದು ಎಂಬುದನ್ನು ತುಂಡಿನ ಮೇಲೆಯೇ ಗುರುತಿಸಿಕೊಳ್ಳಬೇಕು. ಚೀಟಿ ಕಟ್ಟಿದರೆ ನೀರಿನಲ್ಲಿ ಕರಗಿ ಉಣ್ಣೆಗೆ ಮೆತ್ತಿಕೊಳ್ಳುತ್ತದೆ; ನಾನು ಬಾಲದ ನೂಲಿಗೆ ಗಂಟು ಹಾಕುತ್ತೇನೆ, 4 ಮಿಲಿಮೀಟರ್ ಕಡ್ಡಿಗೆ ನಾಲ್ಕು ಗಂಟು, ಅರ್ಧ ಮಿಲಿಮೀಟರಿದ್ದರೆ ಸ್ವಲ್ಪ ದೂರದಲ್ಲಿ ಇನ್ನೊಂದು. ಬಳಿಕ, ನೀರಿಗೆ ಹಾಕುವ ಮೊದಲು, ಕುಣಿಕೆ ಮತ್ತು ಸಾಲುಗಳನ್ನು ಒಮ್ಮೆ ಎಣಿಸಿ, ತುಂಡಿನ ಉದ್ದಗಲಗಳನ್ನೂ ತೂಕವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಹೇಗಿದ್ದರೂ ಬದಲಾಗುವ ಸಂಖ್ಯೆಯನ್ನು ಏಕೆ ಬರೆಯಬೇಕು ಎಂದು ಅನ್ನಿಸಬಹುದು, ಆದರೆ ಉಡುಪು ಕಡ್ಡಿಯ ಮೇಲಿರುವಷ್ಟು ದಿನವೂ ಅದು ತೊಳೆಯದ ಸ್ಥಿತಿಯಲ್ಲೇ ಇರುವುದರಿಂದ ಈ ಹಳೆಯ ಸಂಖ್ಯೆ ಮುಂದೆ ಬೇಕಾಗುತ್ತದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ.

ಇನ್ನು ನೀರು ಮತ್ತು ಸೋಪು. ನೂಲಿನ ಉಂಡೆಗೆ ಸುತ್ತಿದ ಪಟ್ಟಿಯ ಮೇಲೆ ತೊಟ್ಟಿಯ ಚಿತ್ರದೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಬೇಕೆಂದೂ, ತೊಟ್ಟಿಯೊಳಗೆ ಸಂಖ್ಯೆ ಇದ್ದರೆ ನೀರಿನ ಬಿಸಿ ಅಷ್ಟು ಡಿಗ್ರಿ ಮೀರಬಾರದೆಂದೂ ಅರ್ಥ. ಪಟ್ಟಿ ಕಳೆದುಹೋಗಿದ್ದರೆ 30 ಡಿಗ್ರಿ ಸೆಲ್ಸಿಯಸ್ ಒಳಗಿನ ನೀರು ಕ್ಷೇಮಕರ; ಮೊಣಕೈ ಅದ್ದಿದಾಗ ಬಿಸಿಯೆಂದು ಅನ್ನಿಸಬಾರದು. ಸೋಪಿನ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಬೇಕು. ಹತ್ತಿಬಟ್ಟೆಗೆ ಬಳಸುವ ಸೋಪಿನ ಪುಡಿಗಳು ಸಾಮಾನ್ಯವಾಗಿ ಕ್ಷಾರೀಯ, ಮತ್ತು ಕ್ಷಾರ ಉಣ್ಣೆಗೆ ಒಗ್ಗದು. ಅವುಗಳಲ್ಲಿ ಹಲವಕ್ಕೆ ಕಲೆ ತೆಗೆಯಲೆಂದು ಪ್ರೋಟಿಯೇಸ್ ಎಂಬ ಕಿಣ್ವವನ್ನೂ ಸೇರಿಸಿರುತ್ತಾರೆ. ಅದರ ಕೆಲಸವೇ ಪ್ರೋಟೀನನ್ನು ಕತ್ತರಿಸುವುದು, ಉಣ್ಣೆ ಪ್ರೋಟೀನೇ ಆದ್ದರಿಂದ ಅದು ಕಲೆಗೂ ಎಳೆಗೂ ಭೇದ ಮಾಡುವುದಿಲ್ಲ. ಕ್ಲೋರಿನ್ ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಉಣ್ಣೆಗೆಂದೇ ಮಾಡಿದ ದ್ರವ ಸೋಪು ಒಳ್ಳೆಯದು, ಅದಿಲ್ಲದಿದ್ದರೆ ಸಾದಾ ಶಾಂಪೂ ಸಾಕು. ಒಂದು ಬೋಗುಣಿಗೆ ಚಹಾ ಚಮಚದ ಅರ್ಧಕ್ಕಿಂತ ಹೆಚ್ಚು ಬೇಡ. ಮುಂದೆ ಉಡುಪನ್ನು ಯಾವ ಸೋಪಿನಲ್ಲಿ ಒಗೆಯುವಿರೋ ಅದನ್ನೇ ಈಗಲೂ ಬಳಸಿದರೆ ಪರೀಕ್ಷೆ ನಿಜವಾದ ಪರೀಕ್ಷೆಯಾಗುತ್ತದೆ.

ಬೋಗುಣಿಗೆ ಮೊದಲು ನೀರು ತುಂಬಿ, ಸೋಪನ್ನು ಪೂರ್ತಿ ಕದಡಿ, ಆಮೇಲೆ ಸ್ವಾಚನ್ನು ನೀರಿನ ಮೇಲೆ ಹಾಸಬೇಕು. ನಲ್ಲಿಯ ಧಾರೆಯ ಕೆಳಗೆ ಹಿಡಿಯಬಾರದು. ಉಣ್ಣೆಯ ಹೊರಮೈ ನೀರನ್ನು ತಳ್ಳುವ ಗುಣದ್ದಾದ್ದರಿಂದ ತುಂಡು ಮೊದಲು ಕೆಸುವಿನ ಎಲೆಯಂತೆ ತೇಲುತ್ತದೆ. ಅಂಗೈಯಿಂದ ಮೆಲ್ಲಗೆ ಒತ್ತಿ ಮುಳುಗಿಸಿ ಹಿಡಿದರೆ ಕುಣಿಕೆಗಳ ಸಂದಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಒದ್ದೆ ಉಣ್ಣೆಯ ವಾಸನೆ ಹಬ್ಬುತ್ತದೆ. ಗುಳ್ಳೆ ಬರುವುದು ನಿಂತು, ಕೈ ತೆಗೆದರೂ ತುಂಡು ತಳದಲ್ಲೇ ಉಳಿದರೆ ಒಳಗಿನವರೆಗೆ ನೀರು ಹೋಗಿದೆ ಎಂದು ತಿಳಿಯಬಹುದು. ಅಲ್ಲಿಂದ 20 ನಿಮಿಷ ಅದನ್ನು ಮುಟ್ಟದೆ ಬಿಡಬೇಕು. ಈ 20 ನಿಮಿಷದಲ್ಲಿ ಕೈಗೆ ಮಾಡಲು ಏನೂ ಇಲ್ಲದಿರುವುದೇ ಅನೇಕರಿಗೆ ಕಷ್ಟ. ತಿಕ್ಕುವುದು, ಹಿಸುಕುವುದು, ಕಲಕುವುದು ಯಾವುದೂ ಬೇಡ. ಉಣ್ಣೆ ಜಡೆಗಟ್ಟಲು ಮುಖ್ಯ ಕಾರಣ ಉಜ್ಜಾಟ, ಬಿಸಿ ಮತ್ತು ಸೋಪು ಅದಕ್ಕೆ ಇಂಬು ಕೊಡುತ್ತವೆ ಅಷ್ಟೆ.

ನೆನೆದ ಮೇಲೆ ನೀರಿನ ಬಣ್ಣವನ್ನು ನೋಡಬೇಕು. ಎಣ್ಣೆಯಿದ್ದ ನೂಲಾದರೆ ನೀರು ಮಬ್ಬಾಗಿರುತ್ತದೆ, ಅಂಥದ್ದನ್ನು ಹೊಸ ಸೋಪುನೀರಿನಲ್ಲಿ ಇನ್ನೊಮ್ಮೆ ನೆನೆಸಬೇಕಾದೀತು. ಕೆಂಪು, ಕಡುನೀಲಿ, ಕಪ್ಪು ನೂಲುಗಳು, ಅದರಲ್ಲೂ ಕೈಯಲ್ಲಿ ಬಣ್ಣ ಹಾಕಿದವು, ಸ್ವಲ್ಪ ಬಣ್ಣ ಬಿಡುವುದು ಅಪರೂಪವಲ್ಲ. ಜಾಲಿಸಿದ ನೀರು ಎರಡು ಮೂರು ಸಲದಲ್ಲಿ ತಿಳಿಯಾದರೆ ಚಿಂತೆಯಿಲ್ಲ. ಆಗಲೂ ಬಣ್ಣ ಬರುತ್ತಿದ್ದರೆ, ಒದ್ದೆ ತುಂಡನ್ನು ಬಿಳಿಯ ಬಟ್ಟೆಯಲ್ಲಿ ಒತ್ತಿ ಕಲೆ ಕೂರುತ್ತದೆಯೇ ನೋಡಿ, ಆ ನೂಲನ್ನು ಬಿಳಿಯ ನೂಲಿನ ಜೊತೆ ಪಟ್ಟೆಯಾಗಿ ಹೆಣೆಯುವ ಆಲೋಚನೆಯನ್ನು ಬಿಡಬೇಕು. ಪಟ್ಟೆ ಹಾಕುವುದೇ ಉದ್ದೇಶವಾಗಿದ್ದರೆ ಎರಡೂ ಬಣ್ಣಗಳನ್ನು ಸ್ವಾಚಿನಲ್ಲೇ ಸೇರಿಸಿ ಹೆಣೆದು ತೊಳೆಯುವುದು ಸರಿಯಾದ ಮಾರ್ಗ. ನೀರಿಗೆ ವಿನಿಗರ್ ಸುರಿದರೆ ಬಣ್ಣ ನಿಲ್ಲುತ್ತದೆಂಬ ಮಾತು ಬಹಳ ಚಾಲ್ತಿಯಲ್ಲಿದೆ. ಉಣ್ಣೆಗೆ ಬಳಸುವ ಆಮ್ಲಬಣ್ಣಗಳು ಎಳೆಯೊಳಗೆ ಕೂರಲು ಆಮ್ಲದ ಜೊತೆ ಕುದಿಯ ಹತ್ತಿರದ ಬಿಸಿಯೂ ಬೇಕು. ತಣ್ಣೀರಿಗೆ ಬಿದ್ದ ಎರಡು ಚಮಚ ವಿನಿಗರಿನಿಂದ ಆ ಕೆಲಸ ಆಗುವುದಿಲ್ಲ.

ಜಾಲಿಸುವಾಗ ಎರಡನೆಯ ಬೋಗುಣಿಯಲ್ಲಿ ಮೊದಲಿನಷ್ಟೇ ಬಿಸಿಯ ನೀರನ್ನು ತುಂಬಿ, ತುಂಡಿನ ಅಡಿಗೆ ಎರಡೂ ಅಂಗೈಗಳನ್ನು ಕೊಟ್ಟು ಎತ್ತಿ ಅದಕ್ಕೆ ದಾಟಿಸಬೇಕು. ಒಂದು ಮೂಲೆಯನ್ನು ಹಿಡಿದೆತ್ತಿದರೆ ನೀರಿನ ಭಾರಕ್ಕೆ ತುಂಡು ಕೆಳಕ್ಕೆ ಜಗ್ಗುತ್ತದೆ. ನೊರೆ ಹೋದ ಮೇಲೆ ಅಂಗೈಗಳ ನಡುವೆ ಒತ್ತಿ ನೀರು ಇಳಿಸಿ, ದಪ್ಪ ಟವೆಲಿನ ಮೇಲೆ ಹಾಸಿ, ಟವೆಲನ್ನು ಚಾಪೆಯಂತೆ ಸುತ್ತಿ, ಅದರ ಮೇಲೆ ಬಲವಾಗಿ ಒತ್ತಬೇಕು. ನೆಲದ ಮೇಲಿಟ್ಟು ಬರಿಗಾಲಿನಿಂದ ಮೆಟ್ಟಿದರೂ ಅಡ್ಡಿಯಿಲ್ಲ. ತಿರುಚಿ ಹಿಂಡುವುದು ಮಾತ್ರ ಕೂಡದು.

ಒಣಗಿಸುವ ಹಂತದಲ್ಲಿ ಒಳ್ಳೆಯ ಹೆಣಿಗೆಗಾರರೂ ತಮಗೆ ತಾವೇ ಮೋಸ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ವಿನ್ಯಾಸದಲ್ಲಿ 22 ಕುಣಿಕೆ ಎಂದಿರುತ್ತದೆ, ಒದ್ದೆ ತುಂಡಿನಲ್ಲಿ 23 ಕಾಣುತ್ತದೆ. ಆಗ ಕೈ ತಾನಾಗಿ ಗುಂಡುಪಿನ್ನಿನ ಡಬ್ಬಿಗೆ ಹೋಗುತ್ತದೆ, ತುಂಡನ್ನು ನಾಲ್ಕೂ ಕಡೆ ಎಳೆದು ಪಿನ್ನು ಚುಚ್ಚಿ ಒಣಗಿಸಿದರೆ 22 ಬಂದೇ ಬರುತ್ತದೆ. ಆದರೆ ನಾಳೆ ಸ್ವೆಟರನ್ನು ಒಗೆದಾಗಲೆಲ್ಲ ಹಾಗೆ ಪಿನ್ನು ಚುಚ್ಚಿ ಎಳೆಯುವವರು ಯಾರು? ತುಂಡನ್ನು ಒಣ ಟವೆಲಿನ ಮೇಲೆ ಸಮತಟ್ಟಾಗಿ ಹಾಸಿ, ಸಾಲುಗಳು ನೇರವಾಗುವಂತೆ ಬೆರಳಿನಿಂದ ತಟ್ಟಿ, ಅದು ಎಷ್ಟು ಹರಡಿಕೊಳ್ಳಲು ಬಯಸುತ್ತದೆಯೋ ಅಷ್ಟಕ್ಕೆ ಬಿಡಬೇಕು. ಲೇಸ್ ಹೆಣಿಗೆ ಇದಕ್ಕೆ ಹೊರತು. ಅದರ ಕಂಡಿಗಳು ತೆರೆದುಕೊಳ್ಳುವುದೇ ಎಳೆದು ಪಿನ್ನು ಹಾಕಿದಾಗ, ಮತ್ತು ಆ ಶಾಲನ್ನು ಪ್ರತಿ ಒಗೆತದ ನಂತರವೂ ಹಾಗೆಯೇ ಎಳೆದು ಒಣಗಿಸುತ್ತೇವೆ, ಆದ್ದರಿಂದ ಅದರ ಸ್ವಾಚಿಗೂ ಪಿನ್ನು ಸಲ್ಲುತ್ತದೆ.

ಗಾಳಿಯಾಡುವ ನೆರಳಿನಲ್ಲಿ ಒಣಗಲು ಒಂದು ದಿನವೋ ಎರಡು ದಿನವೋ ಹಿಡಿಯುತ್ತದೆ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆಗಳಿಂದ ಅವಸರ ಮಾಡಿದರೆ ಬರುವ ಅಳತೆ ಬೇರೆಯಾಗಿರುತ್ತದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದ ಸಮೀಪದವರೆಗೆ ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನ್ನಿಸುವುದಿಲ್ಲವಾದ್ದರಿಂದ ಬೆರಳಿನ ಮಾತನ್ನು ನಂಬಲಾಗದು. ತುಂಡನ್ನು ಕೆನ್ನೆಗೆ ತಾಗಿಸಿದಾಗ ತಣ್ಣಗೆನ್ನಿಸಿದರೆ ಇನ್ನೂ ತೇವವಿದೆ. ತಕ್ಕಡಿಯಿದ್ದರೆ ಇನ್ನೂ ಸುಲಭ, ಮೊದಲು ಬರೆದಿಟ್ಟ ತೂಕದ ಆಸುಪಾಸಿಗೆ ಬಂದು ನಿಂತರೆ ಒಣಗಿದೆ ಎಂದರ್ಥ. ಎಣ್ಣೆಯ ನೂಲು ಮಾತ್ರ ಸ್ವಲ್ಪ ಹಗುರಾಗಿರುತ್ತದೆ.

ಅಳೆಯುವಾಗ ಗಟ್ಟಿಯಾದ ಮೇಜಿನ ಮೇಲೆ ಹಾಸಿ, ಬಗ್ಗದ ಸ್ಕೇಲಿನಿಂದ ನಡುಭಾಗವನ್ನು ಮೂರು ಕಡೆ ಅಳೆದು ಸರಾಸರಿ ತೆಗೆಯಬೇಕು. ಅರ್ಧ ಕುಣಿಕೆಯನ್ನು ಬಿಡುವಂತಿಲ್ಲ. 21.5 ಇರುವುದನ್ನು 22 ಎಂದು ಬರೆದುಕೊಂಡರೆ 220 ಕುಣಿಕೆಗಳ ಸುತ್ತಳತೆ 100ರ ಬದಲು 102 ಸೆಂಟಿಮೀಟರನ್ನು ದಾಟುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಕುಣಿಕೆ ಬಂದಿದ್ದರೆ ದಪ್ಪ ಕಡ್ಡಿ, ಕಡಿಮೆ ಬಂದಿದ್ದರೆ ಸಣ್ಣ ಕಡ್ಡಿ, ಮತ್ತು ಆ ಹೊಸ ತುಂಡಿಗೂ ಇದೇ ಸ್ನಾನ. ಎರಡೆರಡು ಸಲ ಕಾಯುವ ಮನಸ್ಸಿಲ್ಲದವರು ಮೊದಲೇ ಬೇರೆ ಬೇರೆ ಕಡ್ಡಿಗಳಲ್ಲಿ ಎರಡು ಮೂರು ತುಂಡು ಹೆಣೆದು ಒಟ್ಟಿಗೆ ನೆನೆಸಬಹುದು.

ಈಗ ಆ ಹಳೆಯ ಸಂಖ್ಯೆಯ ವಿಷಯ. ಎಷ್ಟು ಕುಣಿಕೆ ಹಾಕಬೇಕು, ಎಷ್ಟು ಸಾಲು ಹೆಣೆಯಬೇಕು ಎಂಬುದನ್ನು ತೊಳೆದ ಗೇಜಿನಿಂದ ಲೆಕ್ಕ ಹಾಕಬೇಕು; ಕೆಲಸ ಸರಿಯಾಗಿ ಸಾಗುತ್ತಿದೆಯೇ ಎಂದು ಕಡ್ಡಿಯ ಮೇಲಿರುವಾಗ ಪರೀಕ್ಷಿಸಲು ತೊಳೆಯದ ಗೇಜು ಬೇಕು. ಉದಾಹರಣೆಗೆ, ತೊಳೆದ ಮೇಲೆ 10 ಸೆಂಟಿಮೀಟರಿಗೆ 28 ಸಾಲು, ತೊಳೆಯುವ ಮುನ್ನ 30 ಸಾಲು ಇತ್ತೆನ್ನೋಣ. ಕಂಕುಳಿನವರೆಗೆ 40 ಸೆಂಟಿಮೀಟರ್ ಬೇಕೆಂದರೆ 112 ಸಾಲು ಹೆಣೆಯಬೇಕು, ಅದು ಕಡ್ಡಿಯ ಮೇಲೆ 37.3 ಸೆಂಟಿಮೀಟರ್ ಮಾತ್ರ ತೋರುತ್ತದೆ. ಗಾಬರಿಯಾಗಿ ಟೇಪಿನಲ್ಲಿ 40 ಬರುವವರೆಗೆ ಹೆಣೆದರೆ 120 ಸಾಲಾಗಿ, ಒಗೆದ ಮೇಲೆ ಉದ್ದ ಸುಮಾರು 43 ಸೆಂಟಿಮೀಟರಿಗೆ ಹೋಗುತ್ತದೆ. ವಿನ್ಯಾಸಗಳಲ್ಲಿ ಉದ್ದವನ್ನು ಸಾಲಿನ ಬದಲು ಸೆಂಟಿಮೀಟರಿನಲ್ಲಿ ಕೊಟ್ಟಿರುವುದೇ ಹೆಚ್ಚು, ಹಾಗಾಗಿ ತೋಳುಗಳು ಉದ್ದವಾದವೆಂಬ ದೂರಿನ ಮೂಲವನ್ನು ನಾನು ಮೊದಲು ಹುಡುಕುವುದು ಇಲ್ಲಿಯೇ.

ಅಲ್ಪಾಕಾ (ಒಂಟೆಯ ಜಾತಿಗೆ ಸೇರಿದ ಪ್ರಾಣಿಯ ಉಣ್ಣೆ), ರೇಷ್ಮೆ ಬೆರೆತ ನೂಲು, ಜಡೆಯಂತೆ ಹೆಣೆದ ದಪ್ಪ ಕೇಬಲ್‌ಗಳ ಭಾರದ ಕೋಟು, ಇವಕ್ಕೆ ಹಾಸಿ ಒಣಗಿಸಿದ ಅಳತೆಯೂ ಸಾಲದು. ಅಲ್ಪಾಕಾಗೆ ಕುರಿಯ ಉಣ್ಣೆಯಷ್ಟು ಪುಟಿಯುವ ಗುಣವಿಲ್ಲ, ತನ್ನ ಭಾರಕ್ಕೇ ಇಳಿಬೀಳುತ್ತದೆ. ಅಂಥ ಸ್ವಾಚ್ ಒಣಗಿದ ಮೇಲೆ ಮೇಲಂಚನ್ನು ಪಿನ್ನಿನಿಂದ ಹಲಗೆಗೆ ಸಿಕ್ಕಿಸಿ, ಕೆಳಗಂಚಿಗೆ ಬಟ್ಟೆ ಕ್ಲಿಪ್ಪುಗಳನ್ನು ಕಚ್ಚಿಸಿ ಒಂದು ದಿನ ತೂಗಲು ಬಿಟ್ಟು, ತೂಗುತ್ತಿರುವಾಗಲೇ ಸಾಲುಗಳನ್ನು ಎಣಿಸಬೇಕು. ಇನ್ನು ಕೂಸಿನ ಅಂಗಿಯನ್ನೋ ಕಾಲುಚೀಲವನ್ನೋ ಹೆಣೆದು ಯಾರಿಗಾದರೂ ಕೊಡುವುದಾದರೆ, ಅವರು ಅದನ್ನು ಬೋಗುಣಿಯಲ್ಲಿ ನೆನೆಸಿ ಕಾಯುತ್ತಾರೆಂದು ನಂಬಬಾರದು. ಸೂಪರ್‌ವಾಶ್ ನೂಲಿನ ಸ್ವಾಚನ್ನು ಬಲೆಯ ಚೀಲದಲ್ಲಿ ಹಾಕಿ, ದಿನದ ಬಟ್ಟೆಗಳ ಜೊತೆಗೇ ಮೆಷಿನ್‌ನಲ್ಲಿ ಎರಡು ಮೂರು ಸಲ ತಿರುಗಿಸಿ ಆಮೇಲೆ ಅಳೆಯಬೇಕು. ಪಟ್ಟಿಯಲ್ಲಿ ಅನುಮತಿಯಿದ್ದರೆ ಡ್ರೈಯರಿಗೂ ಹಾಕಿ ನೋಡಬಹುದು. ಒದ್ದೆಯಲ್ಲಿ ಬೆಳೆದ ಸೂಪರ್‌ವಾಶ್ ಅದರಲ್ಲಿ ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತದೆ.

ತೊಳೆದ ಸ್ವಾಚಿನ ತೂಕದಿಂದ ನೂಲು ಎಷ್ಟು ಬೇಕೆಂದೂ ಅಂದಾಜು ಮಾಡಬಹುದು. 15 ಸೆಂಟಿಮೀಟರ್ ಚೌಕ, ಅಂದರೆ 225 ಚದರ ಸೆಂಟಿಮೀಟರ್, 7 ಗ್ರಾಂ ತೂಗಿದರೆ, ಮುಂಭಾಗ, ಹಿಂಭಾಗ, ಎರಡು ತೋಳು ಸೇರಿ ಸುಮಾರು 8,900 ಚದರ ಸೆಂಟಿಮೀಟರ್ ಆಗುವ ಸ್ವೆಟರಿಗೆ 277 ಗ್ರಾಂ ಸಾಕು. ಕುತ್ತಿಗೆಪಟ್ಟಿ, ಹೊಲಿಗೆಗಳಿಗೆಂದು ಹತ್ತನೆಯ ಒಂದು ಭಾಗ ಸೇರಿಸಿ 300 ಗ್ರಾಮಿನ ಮೇಲೆ ಸ್ವಲ್ಪ ತರುತ್ತೇನೆ. ಅಷ್ಟಾದರೂ ನೂಲು ಕೈಕೊಟ್ಟರೆ ಸ್ವಾಚನ್ನೇ ಬಿಚ್ಚಬೇಕಾಗುತ್ತದೆ, ಆದ್ದರಿಂದ ಕೆಲಸ ಮುಗಿಯುವವರೆಗೆ ಅದನ್ನು ಎಸೆಯುವುದಿಲ್ಲ. ಬಿಚ್ಚಿದ ನೂಲು ಕುಣಿಕೆಯ ಆಕಾರವನ್ನು ಹಿಡಿದು ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಆ ಸಾಲುಗಳು ಏರುಪೇರಾಗಿ ಎದ್ದು ಕಾಣುತ್ತವೆ. ಸಡಿಲವಾದ ಲಡಿ ಮಾಡಿ, ನಾಲ್ಕು ಕಡೆ ಕಟ್ಟಿ, ಇನ್ನೊಮ್ಮೆ ನೀರಿನಲ್ಲಿ ನೆನೆಸಿ ತೂಗುಹಾಕಿ ಒಣಗಿಸಿದ ಮೇಲೆ, ಕುತ್ತಿಗೆಪಟ್ಟಿಯ ಒಳಮಡಿಕೆಗೋ ಭುಜದ ಹೊಲಿಗೆಗೋ ಬಳಸುತ್ತೇನೆ.